ಸಾವಿರದಿನ್ನೂರು ಅಂದರೆ ನಾಲ್ಕಡಿಯೇ? ಶಿರಸಿ ಬದಿಯ ಒಂದು ಮನೆಯ ಅಳತೆ ಪ್ರಕರಣ

ಈ ಪ್ರಕರಣ ಶಿರಸಿ ತಾಲೂಕಿನ ಒಂದು ಅಡಿಕೆ ತೋಟಿಗರ ಮನೆಯದು. ಊರು, ಮನೆತನ, ಕೆಲಸಗಾರರ ಗುರುತು ತೆಗೆದಿದ್ದೇವೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ, ಇಲ್ಲಿ ಕಲಿಯುವುದೆಲ್ಲ ಅದರಲ್ಲೇ ಇದೆ.

ಹಿನ್ನೆಲೆ

ಹಳೇ ಮನೆಯ ಜಗಲಿ, ನಡುಮನೆ ಉಳಿಸಿಕೊಂಡು ಹಿಂಬದಿಗೆ ಎರಡು ಕೋಣೆ, ಅಡುಗೆಮನೆ, ದೇವರ ಕೋಣೆ ಮತ್ತು ತೋಟದ ಕಡೆಗೊಂದು ಜಗಲಿ ಸೇರಿಸುವ ಕೆಲಸ. ಗೋಡೆ ಚಿರೆಕಲ್ಲಿನದು, ಮಾಡು ಮಂಗಳೂರು ಹಂಚಿನದು, ಕಿಟಕಿ ಬಾಗಿಲಿಗೆ ಸಾಗವಾನಿ ಚೌಕಟ್ಟು. ದೀಪಾವಳಿ ಮುಗಿಸಿ ಶುರು ಮಾಡಿ ಮಳೆ ಹಿಡಿಯುವ ಮೊದಲು ಹಂಚು ಹೊದೆಸಬೇಕು. ಮಗ ಬೆಂಗಳೂರಿನಲ್ಲಿ ಇರುವುದರಿಂದ ನಕ್ಷೆ ಅಲ್ಲಿಯ ವಾಸ್ತುಶಿಲ್ಪಿಯಿಂದ ಬಂತು.

ನಕ್ಷೆಯಲ್ಲಿ ಇದ್ದದ್ದೆಲ್ಲ ಮಿಲಿಮೀಟರ್. ಮೇಸ್ತ್ರಿಯದು ಅಡಿ-ಇಂಚು. ಆಚಾರಿಯದು ಅಡಿ, ಇಂಚು, ನೂಲು. ಇಂಚಿನ ಎಂಟನೇ ಒಂದು ಪಾಲಿಗೆ ನೂಲು ಎನ್ನುತ್ತಾರೆ. ಸರ್ಕಾರಿ ನಾಟಾ ಡಿಪೋದಲ್ಲಿ ದಿಮ್ಮಿಯ ಉದ್ದ ಮೀಟರಿನಲ್ಲಿ, ಸುತ್ತಳತೆ ಸೆಂಟಿಮೀಟರಿನಲ್ಲಿ, ಒಟ್ಟು ಘನ ಮೀಟರಿನಲ್ಲಿ. ಅದೇ ದಿಮ್ಮಿ ಸಾ ಮಿಲ್ಲಿನಲ್ಲಿ ಇಳಿದ ಕೂಡಲೇ ಸಿಎಫ್‌ಟಿ, ಅಂದರೆ ಘನ ಅಡಿ ಆಗುತ್ತದೆ. ಪ್ಲೈವುಡ್ಡಿನ ದಪ್ಪ 18 ಮಿ.ಮೀ., ಹಾಳೆ ಎಂಟಡಿ ನಾಲ್ಕಡಿ. ಬಿಲ್ಲಿನಲ್ಲಿ 10 ಮಿ.ಮೀ. ಎಂದು ಬರೆದ ಸರಳು ಕೆಲಸದ ಜಾಗದಲ್ಲಿ 'ಮೂರು ನೂಲಿನ ಸರಳು'. ಇದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ಶಿರಸಿಯಲ್ಲಿರಲಿ, ಕಾರವಾರದಲ್ಲಿರಲಿ, ಮನೆ ಕಟ್ಟುವುದು ಹೀಗೇ.

ಮೊದಲ ಸೂಚನೆ ನಾಟಾದಲ್ಲಿ

ತೋಟದ ಕಡೆಯ ಜಗಲಿಗೆ ಹಳೇ ಜಗಲಿಗೆ ಹೊಂದುವಂತೆ ಹತ್ತಡಿಯ ತೊಲೆಗಳು ಬೇಕಿದ್ದವು. ಹರಾಜಿನ ಪಟ್ಟಿಯಲ್ಲಿ ಉದ್ದ 3.00 ಮೀಟರ್ ಎಂದಿದ್ದ ಐದು ದಿಮ್ಮಿಗಳ ಲಾಟ್ ಹಿಡಿದರು. ಮೂರು ಮೀಟರ್ ಅಂದರೆ ಹತ್ತಡಿ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ನಿಜವಾಗಿ ಅದು 9 ಅಡಿ 10 ಇಂಚು. ಎರಡೂ ತುದಿ ಗರಗಸ ಕೊಟ್ಟು ನೇರ ಮಾಡಿದ ಮೇಲೆ ಉಳಿದದ್ದು 9 ಅಡಿ 8 ಇಂಚು. ತೊಲೆಗೆ ಅವು ಬರಲಿಲ್ಲ. ಅವನ್ನು ಚೌಕಟ್ಟಿಗೆ ತಿರುಗಿಸಿ, ತೊಲೆಗೆ ಬೇರೆ ದಿಮ್ಮಿ ಹುಡುಕಬೇಕಾಯಿತು.

ಅದರ ಬೆನ್ನಿಗೇ ಸಾ ಮಿಲ್ಲಿನ ಜೊತೆ ತಕರಾರು. ಒಂದು ದಿಮ್ಮಿಯ ಲೆಕ್ಕ ನೋಡಿ. ಉದ್ದ 3 ಮೀಟರ್, ನಡುವಿನ ಸುತ್ತಳತೆ 120 ಸೆಂ.ಮೀ. ಡಿಪೋದ್ದು ಕಾಲು-ಸುತ್ತಳತೆ ಲೆಕ್ಕ: ಸುತ್ತಳತೆಯ ನಾಲ್ಕನೇ ಒಂದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು. 0.30 × 0.30 × 3 = 0.270 ಘನ ಮೀಟರ್. ಘನ ಮೀಟರಿಗೆ 35.3 ಘನ ಅಡಿಯಂತೆ ಹಿಡಿದರೆ ಸುಮಾರು ಒಂಬತ್ತೂವರೆ. ಸಾ ಮಿಲ್ಲಿನವರು ತಮ್ಮ ಟೇಪು ಹಿಡಿದರು. ಸುತ್ತಳತೆ 47 ಇಂಚಿನ ಮೇಲೆ ಬಂದದ್ದನ್ನು 47 ಎಂದೂ, ಉದ್ದವನ್ನು ಒಂಬತ್ತೂವರೆ ಅಡಿ ಎಂದೂ ಇಳಿಸಿ ಬರೆದರು. ಬಂದದ್ದು 9.1. ಒಂದು ದಿಮ್ಮಿಯಲ್ಲಿ 0.4 ಘನ ಅಡಿ ಮಾಯ. ಐದು ದಿಮ್ಮಿ ಸೇರಿದರೆ ಎರಡು ಘನ ಅಡಿ, ಅಂದರೆ ಒಂದು ಕಿಟಕಿ ಚೌಕಟ್ಟಿನಷ್ಟು ಸಾಗವಾನಿ.

ಮನೆಯವರು ಕಳವು ಎಂದುಕೊಂಡರು. ಕಳವೇನೂ ಆಗಿರಲಿಲ್ಲ, ಎರಡು ಮಾನಗಳ ನಡುವೆ ಪ್ರತಿ ಸಲ ದಾಟುವಾಗ ಸುಂಕ ಕಟ್ಟಿದಂತೆ ಅಷ್ಟಷ್ಟು ಉದುರಿತ್ತು. ಕಾಲು-ಸುತ್ತಳತೆ ಲೆಕ್ಕವೇ ದುಂಡು ಮರದ ನಿಜ ಗಾತ್ರದ ನೂರಕ್ಕೆ ಎಪ್ಪತ್ತೆಂಟೂವರೆ ಪಾಲನ್ನಷ್ಟೇ ತೋರಿಸುತ್ತದೆ. ಉಳಿದದ್ದು ಸಿಪ್ಪೆ, ಅಂಚಿನ ಹಲಗೆಯಲ್ಲಿ ಹೋಗುತ್ತದೆಂದು ಹಿಂದಿನವರು ಬಿಟ್ಟದ್ದು. ಆ ರಿಯಾಯಿತಿ ಕೊಂಡವನ ಪಾಲಿಗಿರುತ್ತದೆ. ಸಾ ಮಿಲ್ಲಿನ ಇಳಿಸಿ ಬರೆಯುವ ಪದ್ಧತಿಯಿಂದ ಕೊಯ್ಲು ಕೂಲಿಯೂ ಇಳಿಯುತ್ತದೆ, ಹಾಗಾಗಿ ನಷ್ಟ ಕಾಗದದ ಮೇಲಿನದೇ ಹೆಚ್ಚು. ಆದರೂ ಆ ತಿಂಗಳು ಎರಡು ಕಡೆಯವರೂ ಮಾತಾಡಲಿಲ್ಲ.

ದೇವರ ಕೋಣೆಯ ಏಳು ಮಿಲಿಮೀಟರ್

ಹಿರಿಯರು ದೇವರ ಕೋಣೆಯ ಒಳ ಅಳತೆಯನ್ನು ಮೊದಲೇ ಹೇಳಿದ್ದರು: ಒಂಬತ್ತಡಿ, ಒಂಬತ್ತಡಿ. ಕೋಣೆಯ ಅಳತೆಯಿಂದ ಶುಭಾಶುಭ ನೋಡುವ ಆಯದ ಲೆಕ್ಕದಲ್ಲಿ 9 × 9 = 81; ಅದನ್ನು ಒಂಬತ್ತರಿಂದ ಗುಣಿಸಿದರೆ 729; ಎಂಟರಿಂದ ಭಾಗಿಸಿದರೆ ಶೇಷ 1. ಒಂದು ಉಳಿದರೆ ಧ್ವಜಾಯ, ಶುಭ. ನಕ್ಷೆ ಬಂದಾಗ ಕೋಣೆ 2750 × 2750 ಇತ್ತು. ವಾಸ್ತುಶಿಲ್ಪಿಗೆ ಅದು ದುಂಡು ಸಂಖ್ಯೆ, ಏಳು ಮಿಲಿಮೀಟರ್ ಹೆಚ್ಚು ಕಡಿಮೆ ಅಷ್ಟೇ. ಹಿರಿಯರ ಕಡೆಯವರೊಬ್ಬರು ಅದನ್ನೇ ಅಡಿಗೆ ತಿರುಗಿಸಿ ಮತ್ತೆ ಲೆಕ್ಕ ಹಾಕಿದರು. ಶೇಷ ಬಂದದ್ದು ನಾಲ್ಕೂಚಿಲ್ಲರೆ. ನಾಲ್ಕು ಶ್ವಾನಾಯ, ಅಶುಭ.

ಆಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಇಲ್ಲಿ ಗಮನಿಸಬೇಕಾದ್ದು ಲೆಕ್ಕದ ಸ್ವಭಾವ. ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ ಯಾವ ಮಾನದಲ್ಲಿ ಅಳೆದರೂ ಒಂದೇ. ಶೇಷ ಹಾಗಲ್ಲ. ಅದು ಮಾನಕ್ಕೆ ಕಟ್ಟುಬಿದ್ದದ್ದು. ಅಡಿಯಲ್ಲಿ ಒಂದು ಉಳಿದರೆ ಮೀಟರಿನಲ್ಲಿ ಮೂರೂಮುಕ್ಕಾಲು ಉಳಿಯುತ್ತದೆ. ಮೆಟ್ರಿಕ್‌ಗೆ ಬನ್ನಿ ಎಂದು ಹೇಳುವವರು 'ಬರೀ ಪರಿವರ್ತನೆ ಮಾಡಿಕೊಳ್ಳಿ' ಎನ್ನುವಾಗ ಇಂಥ ಲೆಕ್ಕಗಳು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಹಾಗೆಂದು ಅಡಿಯೇ ಸರಿ ಎಂದೂ ಅಲ್ಲ: ಆಯವನ್ನು ಅಂಗುಲದಲ್ಲಿ, ಕೋಲಿನಲ್ಲಿ ಎಣಿಸುತ್ತಿದ್ದ ಕಾಲಕ್ಕೆ ಬ್ರಿಟಿಷರ ಅಡಿಯೂ ಹೊಸಬನೇ.

ತೀರ್ಮಾನ ಒಂದು ಸಂಜೆಯಲ್ಲಿ ಆಯಿತು. ಒಂಬತ್ತಡಿಯನ್ನು ದುಂಡು ಮಾಡದೆ 2743 ಎಂದು ಬರೆಯುವುದು. ಆಗ ಇನ್ನೊಂದು ಪ್ರಶ್ನೆ ಎದ್ದಿತು: ಈ ಒಂಬತ್ತಡಿ ಗಿಲಾವಿನ ಮುಂಚಿನದೋ ನಂತರದ್ದೋ? ಗಿಲಾವು ಎರಡೂ ಬದಿಗೆ 12 ಮಿ.ಮೀ. ಅಂದರೆ 24 ಮಿ.ಮೀ., ಚರ್ಚೆಗೆ ಕಾರಣವಾದ ಏಳಕ್ಕಿಂತ ಮೂರು ಪಟ್ಟು ಜಾಸ್ತಿ. ಗಿಲಾವಿನ ನಂತರದ್ದೆಂದು ಇತ್ಯರ್ಥವಾಗಿ ಕಲ್ಲಿನಿಂದ ಕಲ್ಲಿಗೆ 2767 ಹಿಡಿದರು. ದುಂಡು ಮಾಡಿದ ಏಳು ಮಿಲಿಮೀಟರಿಗೆ ಜಗಳ ಆಗದಿದ್ದರೆ ಈ ಇಪ್ಪತ್ನಾಲ್ಕು ಹೊರಗೆ ಬರುತ್ತಲೇ ಇರಲಿಲ್ಲ.

ಗಾಜು

ನಿಜವಾದ ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ತೋಟದ ಕಡೆಗೆ ತೆರೆಯದ ಗಾಜಿನ ಆರು ಕಿಟಕಿಗಳು. ನಕ್ಷೆಯಲ್ಲಿ ಚೌಕಟ್ಟಿನ ಹೊರ ಅಳತೆ 1200 × 1350. ಗಾಜು ಟಫನ್ ಮಾಡಿದ್ದು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಮಾಪು ಕೊಟ್ಟು ಹೊರಗಿನಿಂದ ತರಿಸಿದ್ದು. ಟಫನ್ ಆದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಅಂಚು ಮುಟ್ಟಿದರೆ ಇಡೀ ಹಾಳೆ ಪುಡಿಯಾಗುತ್ತದೆ.

ಗಾಜಿನ ಮಾಪು ನಕ್ಷೆಯಿಂದ ಹೋಯಿತು. ಚೌಕಟ್ಟಿನ ಮರ ಒಂದೊಂದು ಬದಿಗೆ 75, ಒಳಗೆ ಉಳಿಯುವುದು 1050. ಗಾಜು ಕೂರುವ ಕಚ್ಚು ಬದಿಗೆ 12. ಎರಡೂ ಬದಿಗೆ ಎರಡೆರಡು ಸಡಿಲ ಬಿಟ್ಟು ಗಾಜಿನ ಅಗಲ 1070. ಎತ್ತರವೂ ಹಾಗೇ: 1350ರಲ್ಲಿ 150 ಕಳೆದು 1200, ಗಾಜು 1220.

ಆಚಾರಿ ಚೌಕಟ್ಟನ್ನು ಫೆಬ್ರವರಿಯಲ್ಲೇ ಮುಗಿಸಿದ್ದರು. 1200 ಅಂದರೆ ನಾಲ್ಕಡಿ, 1350 ಅಂದರೆ ನಾಲ್ಕೂವರೆ, 75 ಅಂದರೆ ಮೂರಿಂಚು, 12 ಅಂದರೆ ಅರ್ಧ ಇಂಚು. ಪ್ರತಿಯೊಂದೂ 'ಸುಮಾರು' ಸರಿ. ನಾಲ್ಕಡಿಯಲ್ಲಿ ಆರಿಂಚು ಕಳೆದರೆ 42 ಇಂಚು, ಅಂದರೆ 1066.8 ಮಿ.ಮೀ. ಅದಕ್ಕೆ 1070ರ ಗಾಜು ಇಟ್ಟರೆ ಬದಿಗೆ ಒಂದೂವರೆ ಮಿಲಿಮೀಟರ್ ಮಾತ್ರ ಮರದ ಮೇಲೆ ನಿಲ್ಲುತ್ತದೆ. ಎತ್ತರದಲ್ಲಿ ಇನ್ನೂ ಅನ್ಯಾಯ: ಒಳಗಿನ ತೆರಪು 48 ಇಂಚು, 1219.2, ಗಾಜು 1220. ಮೇಲೆ ಕೆಳಗೆ ಸೇರಿ ಒಂದು ಮಿಲಿಮೀಟರೂ ಹಿಡಿತವಿಲ್ಲ. ಮೊದಲ ಗಾಜನ್ನು ಇಬ್ಬರು ಎತ್ತಿ ಕಚ್ಚಿಗೆ ಒರಗಿಸಿದಾಗ ಅದು ಒಂದು ಮೂಲೆಯಿಂದ ಮೆಲ್ಲಗೆ ಆಚೆ ಜಾರತೊಡಗಿತು. ಹೊರಗೆ ನಿಂತವನು ಅಂಗೈ ಕೊಟ್ಟು ಹಿಡಿದದ್ದರಿಂದ ಉಳಿಯಿತು.

"ಸಾವಿರದಿನ್ನೂರು ಅಂದ್ರೆ ನಾಕಡಿ ಅಲ್ದಾ?" ಎಂದು ಆಚಾರಿ ಕೇಳಿದ ಪ್ರಶ್ನೆಯೇ ಈ ಪ್ರಕರಣದ ತಿರುಳು. ಅವರಿಗೆ ಅಳತೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆರೂ ಚೌಕಟ್ಟಿನ ಮೂಲೆಗಳು ಕರ್ಣ ಹಿಡಿದು ನೋಡಿದರೆ ಅರ್ಧ ನೂಲೂ ತಪ್ಪಿರಲಿಲ್ಲ. ತಪ್ಪಿಗೆ ಕಾರಣ 1200 ಎಂಬ ಸಂಖ್ಯೆಯೇ. ಮೆಟ್ರಿಕ್ ಕಟ್ಟಡ ಪದ್ಧತಿಯಲ್ಲಿ 300, 600, 900, 1200 ಎಂಬ ಮಾಪುಗಳು ರೂಢಿಯಾದದ್ದು ಎರಡು, ಮೂರು, ನಾಲ್ಕರಿಂದ ಸಲೀಸಾಗಿ ಭಾಗವಾಗುತ್ತವೆ ಎಂದು. ಅವು ಅಡಿಗೆ ತೀರಾ ಹತ್ತಿರ ಬರುತ್ತವೆ, ಅದೇ ತೊಂದರೆ. ಅಡಿಗೆ 4.8 ಮಿ.ಮೀ. ವ್ಯತ್ಯಾಸ, ಆಚಾರಿಯ ಭಾಷೆಯಲ್ಲಿ ಅಡಿಗೆ ಒಂದೂವರೆ ನೂಲು. ನಾಲ್ಕಡಿಗೆ ಆರು ನೂಲು, ಮುಕ್ಕಾಲು ಇಂಚು. ಒಂದು ಮಾನ ಇನ್ನೊಂದಕ್ಕಿಂತ ದೂರ ಇದ್ದಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ಸೇರನ್ನು ಕಿಲೋ ಎಂದು ತಿಳಿದು ಕೆಟ್ಟವರುಂಟು, ಯಾಕೆಂದರೆ 80 ತೊಲದ ಸೇರು 933 ಗ್ರಾಂ. ಮಣವನ್ನು ಕಿಲೋ ಎಂದುಕೊಂಡವರು ಎಲ್ಲೂ ಇಲ್ಲ.

ಮಾಡಿ ನೋಡಿದ್ದು

ಗಾಜಿನ ಮುಂಚೆಯೂ ಎರಡು ಉಪಾಯ ಮಾಡಿದ್ದರು, ಎರಡೂ ಕೈಕೊಟ್ಟಿದ್ದವು. ಮೊದಲನೆಯದು ಪಟ್ಟಿ. ಮಗ ಮಿ.ಮೀ.ಯಿಂದ ಇಂಚು-ನೂಲಿಗೆ ಒಂದು ಪರಿವರ್ತನೆಯ ಹಾಳೆ ಮುದ್ರಿಸಿ ಶೆಡ್ಡಿನ ಗೋಡೆಗೆ ಅಂಟಿಸಿದ. ಒಂಟಿ ಅಳತೆಗೆ ಅದು ಸಾಕು. ಸಾಲು ಅಳತೆಗೆ ಸಾಲದು. ಅಡುಗೆಮನೆಯ ಕಿಟಕಿ ಸರಳುಗಳ ನಡುವಿನ ಅಂತರ 110 ಮಿ.ಮೀ. ಹಾಳೆಯಲ್ಲಿ ಅದಕ್ಕೆ ಹತ್ತಿರದ ನೂಲು ನಾಲ್ಕಿಂಚು ಮೂರು ನೂಲು, ಅಂದರೆ 111.1. ಒಂದಕ್ಕೆ ಒಂದು ಮಿಲಿಮೀಟರ್ ಏನು ಮಹಾ? ಒಂಬತ್ತು ಅಂತರ ದಾಟಿದಾಗ ಕೊನೆಯ ತೂತು ಹತ್ತು ಮಿಲಿಮೀಟರ್ ಆಚೆಗೆ ಹೋಗಿ ಮೂಲೆಯ ಗೂಟಕ್ಕೆ ಬಡಿಯಿತು. ಹೀಗಾಗದಂತೆ ಮಾಡುವ ಕ್ರಮ ಹಳೆಯದೇ: ಒಂದರಿಂದ ಒಂದಕ್ಕೆ ಅಳೆಯದೆ ಎಲ್ಲವನ್ನೂ ಒಂದೇ ತುದಿಯಿಂದ, 110, 220, 330 ಎಂದು ಗುರುತು ಹಾಕುವುದು.

ಎರಡನೆಯದು ನಕ್ಷೆಯಲ್ಲೇ ಎರಡೂ ಅಳತೆ ಬರೆಸಿದ್ದು. 1200ರ ಪಕ್ಕದಲ್ಲಿ 3 ಅಡಿ 11¼ ಇಂಚು. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ ಎಂಬುದು ನಮ್ಮ ಅಭಿಪ್ರಾಯ. ಅಡುಗೆಮನೆಯ ಇನ್ನೊಂದು ಕಿಟಕಿಯನ್ನು ಆಮೇಲೆ 1050ಕ್ಕೆ ಇಳಿಸಿದಾಗ ಮಿಲಿಮೀಟರ್ ತಿದ್ದಿತು, ಪಕ್ಕದ ಇಂಚು ಹಾಗೇ ಉಳಿಯಿತು. ಮೇಸ್ತ್ರಿ ಇಂಚು ಓದಿ ಕಂಡಿ ಬಿಟ್ಟರು, ಆಚಾರಿಗೆ ಮಗ ಫೋನಿನಲ್ಲಿ ಹೇಳಿದ್ದು 1050. ಆರಿಂಚಿನ ಸಂದು ತುಂಬಿದ್ದು ಚಿರೆಕಲ್ಲಿನ ಚೂರಿನಿಂದ.

ಗಾಜು ಜಾರಿದ ಮರುದಿನ ಟೇಪಿನ ಕಡೆ ಗಮನ ಹೋಯಿತು. ಎಲ್ಲರ ಟೇಪಿಗೂ ಎರಡು ಅಂಚು, ಮೇಲೆ ಇಂಚು, ಕೆಳಗೆ ಸೆಂಟಿಮೀಟರ್. ಕಣ್ಣು ಹೋಗುವುದು ರೂಢಿಯ ಅಂಚಿಗೇ. ಇಂಚಿನ ಅಂಚಿಗೆ ಕರೆಂಟ್ ಕೆಲಸದ ಕಪ್ಪು ಟೇಪು ಅಂಟಿಸಿದರು. ಎರಡೇ ದಿನಕ್ಕೆ ಅದರ ಅಂಟು ಬಿಸಿಲಿಗೆ ಕರಗಿ, ಡಬ್ಬಿಯೊಳಗೆ ಮರದ ಪುಡಿ ಹಿಡಿದು, ಸ್ಪ್ರಿಂಗು ಎಳೆಯುವುದನ್ನೇ ಬಿಟ್ಟಿತು. ಕಡೆಗೆ ಮಿಲಿಮೀಟರ್ ಮಾತ್ರ ಇರುವ ನಾಲ್ಕು ಟೇಪುಗಳನ್ನು ಹುಬ್ಬಳ್ಳಿಯಿಂದ ತರಿಸಿ, ಹಳೆಯವನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದರು. ಸೆಂಟಿಮೀಟರ್ ಎಂಬ ಮಾತೂ ನಿಂತಿತು. ಟೇಪಿನಲ್ಲಿ 105 ಎಂದಿರುವುದು, ನಕ್ಷೆಯಲ್ಲಿ 1050 ಎಂದಿರುವುದು ಹೊಸಬರನ್ನು ಗಲಿಬಿಲಿ ಮಾಡುತ್ತಿತ್ತು.

ಇದಕ್ಕೂ ಮಿಗಿಲಾಗಿ ಕೆಲಸಕ್ಕೆ ಬಂದದ್ದು ಆಚಾರಿಯದೇ ಸಲಹೆ. ಉಳಿದ ರೀಪಿನ ತುಂಡಿನಲ್ಲಿ ಪ್ರತಿ ಕಿಟಕಿಗೂ ಒಂದು ಅಳತೆ ಕೋಲು. ನಕ್ಷೆ ಓದಬಲ್ಲ ಒಬ್ಬನೇ ಒಬ್ಬ ಅದರ ಮೇಲೆ ಹೊರ ಅಂಚು, ಒಳ ಅಂಚು, ಕಚ್ಚು, ಗಾಜು ಎಂದು ಗೆರೆ ಎಳೆಯುವುದು. ಆಮೇಲೆ ಮೇಸ್ತ್ರಿಯೂ ಆಚಾರಿಯೂ ಕೋಲನ್ನೇ ಹಿಡಿಯುವುದು. ಕೋಲಿಗೆ ಸಂಖ್ಯೆ ಇಲ್ಲ, ಪರಿವರ್ತನೆಯೂ ಇಲ್ಲ. ಮಾಡಿನಲ್ಲಿ ಒಂದೂ ತಪ್ಪಾಗದೆ ಇದ್ದದ್ದಕ್ಕೂ ಇದೇ ಕಾರಣ. ರೀಪಿನ ಅಂತರವನ್ನು ಯಾರೂ ಟೇಪಿನಿಂದ ಅಳೆಯುವುದಿಲ್ಲ. ನಾಲ್ಕು ಹಂಚು ಹೊದೆಸಿ ನೋಡಿ, ಅದಕ್ಕೆ ತಕ್ಕಂತೆ ಒಂದು ತುಂಡು ಕತ್ತರಿಸಿ, ಆ ತುಂಡಿಟ್ಟು ಮೊಳೆ ಹೊಡೆಯುತ್ತಾರೆ.

ಬಂದ ಗಾಜನ್ನು ಏನು ಮಾಡುವುದು? ನಾಲ್ಕು ಕಿಟಕಿಗಳಿಗೆ ಜಗಲಿಯ ಮಾಡಿನ ನೆರಳಿತ್ತು. ಅವಕ್ಕೆ ಉಳಿದ ಸಾಗವಾನಿಯಲ್ಲಿ ಎಲ್ ಆಕಾರದ ಪಟ್ಟಿ ಸೀಳಿ, ಕಚ್ಚಿನೊಳಗೆ ಅಡ್ಡಕ್ಕೆ ಬದಿಗೆ ಒಂಬತ್ತು, ಮೇಲೆ ಕೆಳಗೆ ಹತ್ತು ಮಿ.ಮೀ. ತುಂಬಿ, ಸ್ಕ್ರೂ ಹಾಕಿ ತೆರಪು ಕಿರಿದು ಮಾಡಿದರು. ಉಳಿದೆರಡು ನೈರುತ್ಯಕ್ಕೆ ಮುಖ ಮಾಡಿದವು, ಆಷಾಢದ ಮಳೆ ನೇರ ಹೊಡೆಯುವ ಗೋಡೆ. ಅಲ್ಲಿ ಪಟ್ಟಿ ಕೂಡಿಸಿದ ಸಂದಿನಲ್ಲಿ ನೀರು ಇಳಿದು ಮರ ಉಬ್ಬುವುದು ಖಂಡಿತ. ಅವೆರಡಕ್ಕೆ ಚೌಕಟ್ಟಿನ ಮೇಲಿಂದಲೇ ಮಾಪು ತೆಗೆದು, 1088 × 1240ರ ಹೊಸ ಗಾಜು ಹೇಳಿದರು. ಮೂರು ವಾರ ಪ್ಲಾಸ್ಟಿಕ್ ಹಾಳೆ ಕಟ್ಟಿ ಕಾದರು.

ಮೆಟ್ರಿಕ್‌ಗೆ ಪೂರ್ತಿ ಬರುವುದು ಹೇಗೆಂಬ ದೇಶದ ಪ್ರಶ್ನೆಗೆ ಇದರಿಂದ ಏನು ಸಿಗುತ್ತದೆ

ಭಾರತ ಮೆಟ್ರಿಕ್‌ಗೆ ಬಂದು ಅರವತ್ತು ವರ್ಷ ದಾಟಿತು. 1956ರ ನವೆಂಬರ್ 1ಕ್ಕೆ ಉತ್ತರ ಕನ್ನಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು. 1957ರ ಏಪ್ರಿಲ್ 1ಕ್ಕೆ ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆ ಆಯಿತು. 1958ರ ಅಕ್ಟೋಬರ್‌ನಿಂದ ಕಿಲೋ ಬಟ್ಟುಗಳು ಬಂದು, 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾದವು. ಅದರ ಅಗತ್ಯವೂ ಇತ್ತು: ಬಂಗಾಳದ ಮಣ 37 ಕಿಲೋ ಮೇಲೆ, ಮುಂಬಯಿಯದು 13ಕ್ಕೂ ಕಡಿಮೆ, ಮದ್ರಾಸಿನದು 11ರ ಆಸುಪಾಸು.

ತೂಕದಲ್ಲಿ ಬದಲಾವಣೆ ಪೂರ್ತಿ ಆಯಿತು. ಇವತ್ತು ಶಿರಸಿಯ ಅಡಿಕೆ ವ್ಯಾಪಾರ ಕ್ವಿಂಟಲ್ಲಿನಲ್ಲೇ. ಕಾರಣ ಸರಳ: ಹಳೇ ಬಟ್ಟನ್ನು ತಕ್ಕಡಿಯಿಂದ ಎತ್ತಿ ಒಯ್ದರು. ಒಂದು ಬದಿಗೆ ಸೇರು, ಇನ್ನೊಂದು ಬದಿಗೆ ಕಿಲೋ ಕೆತ್ತಿದ ಬಟ್ಟು ಎಂಬುದು ಇರಲು ಸಾಧ್ಯವೇ ಇಲ್ಲ. ಅಕ್ಕಸಾಲಿಗರ ಬಾಯಲ್ಲಿ ತೊಲ ಇನ್ನೂ ಇದೆ, ಆದರೆ 11.66 ಗ್ರಾಂ ಹೋಗಿ ಬಹಳ ಕಡೆ ಹತ್ತು ಗ್ರಾಮಿಗೇ ತೊಲ ಎನ್ನುತ್ತಾರೆ. ಹೆಸರು ಉಳಿಯಿತು, ವಸ್ತು ಬದಲಾಯಿತು. ಅದರಿಂದ ಯಾರ ಕೆಲಸವೂ ಕೆಡುವುದಿಲ್ಲ. ಉದ್ದದಲ್ಲಿ ಆದದ್ದು ಬೇರೆ. ಇಂಚಿಗೂ ಮಿಲಿಮೀಟರಿಗೂ ಒಂದೇ ಉಕ್ಕಿನ ಪಟ್ಟಿಯಲ್ಲಿ ಜಾಗ ಕೊಟ್ಟೆವು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ವ್ಯವಹಾರದಲ್ಲಿ ಮೆಟ್ರಿಕ್ಕೇ ಇರಬೇಕೆನ್ನುತ್ತದೆ. ಆಚಾರಿಯ ಜೇಬಿನ ಟೇಪು ಆ ಕಾಯ್ದೆಯನ್ನು ಓದಿಲ್ಲ.

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಆಸ್ಟ್ರೇಲಿಯಾ 1970ರಲ್ಲಿ ಕಾಯ್ದೆ ಮಾಡಿ, ರಸ್ತೆ ಫಲಕಗಳನ್ನೆಲ್ಲ 1974ರ ಜುಲೈ ತಿಂಗಳೊಂದರಲ್ಲೇ ಬದಲಿಸಿತು. ಕಟ್ಟಡದವರು ಸೆಂಟಿಮೀಟರನ್ನು ಬದಿಗಿಟ್ಟು ಮಿಲಿಮೀಟರ್ ಒಂದನ್ನೇ ಹಿಡಿದರು. ಅಮೆರಿಕ 1975ರಲ್ಲಿ ಕಾಯ್ದೆ ಮಾಡಿಯೂ ಇಷ್ಟವಿದ್ದರೆ ಬನ್ನಿ ಎಂದಿತು. ಅದಕ್ಕಾಗಿ ನೇಮಿಸಿದ ಮಂಡಳಿ 1982ರಲ್ಲಿ ಮುಚ್ಚಿತು. ಕೆನಡಾ ಅರ್ಧ ದಾರಿಯಲ್ಲಿದ್ದಾಗ, 1983ರ ಜುಲೈನಲ್ಲಿ, ಒಂದು ಬೋಯಿಂಗ್ 767ಕ್ಕೆ ಇಂಧನ ತುಂಬುವಾಗ ಲೀಟರಿಗೆ 1.77 ಎಂಬ ಪೌಂಡಿನ ಸಂಖ್ಯೆಯನ್ನು ಕಿಲೋ ಎಂದು ಹಿಡಿದರು. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹಾರಿದ ವಿಮಾನ ಎಂಜಿನ್ ನಿಂತು, ತೇಲಿಕೊಂಡು ಗಿಮ್ಲಿ ಎಂಬ ಹಳೇ ವಾಯುನೆಲೆಯಲ್ಲಿ ಇಳಿಯಿತು. ಪೂರ್ತಿ ಪೌಂಡಿನ ದೇಶದಲ್ಲೂ ಪೂರ್ತಿ ಕಿಲೋ ದೇಶದಲ್ಲೂ ಈ ತಪ್ಪಿಗೆ ಜಾಗವಿಲ್ಲ.

ಇಂಚಿನ ಪರ ಆಚಾರಿ ಹೇಳುವ ಮಾತಿನಲ್ಲೂ ಹುರುಳಿದೆ. ಅಡಿಯನ್ನು ಮೂರು ಪಾಲು ಮಾಡಿದರೆ ನಾಲ್ಕಿಂಚು, ಮೀಟರನ್ನು ಮಾಡಿದರೆ 333 ಮತ್ತು ಚಿಲ್ಲರೆ. ಮಲೆನಾಡಿನ ಮಳೆಗಾಲದಲ್ಲಿ ಹಲಗೆ ಒಂದೆರಡು ಮಿಲಿಮೀಟರ್ ತಾನೇ ಉಬ್ಬುವಾಗ ಅಷ್ಟು ಸೂಕ್ಷ್ಮ ಯಾಕೆ ಎಂದೂ ಕೇಳುತ್ತಾರೆ. ಬರೀ ಮರದ ಕೆಲಸವಾಗಿದ್ದರೆ ಅಡಿಯಲ್ಲೇ ಮುಗಿಸಬಹುದಿತ್ತು, ಅವರ ಅಪ್ಪ ಮುಗಿಸಿದ ಹಾಗೆ. ಗಾಜು, ಬೀಗ, ಕೀಲು, ಪ್ಲೈವುಡ್ಡಿನ ದಪ್ಪ ಎಲ್ಲವೂ ಕಾರ್ಖಾನೆಯಿಂದ ಮಿಲಿಮೀಟರಿನಲ್ಲಿ ಬರುತ್ತಿರುವಾಗ ಮರ ಒಂದೇ ಬೇರೆ ಭಾಷೆ ಆಡಲು ಆಗುವುದಿಲ್ಲ.

ಹಂಚು ಮಳೆಗೆ ಮೊದಲೇ ಹೊದೆಸಿ ಆಯಿತು. ನೈರುತ್ಯದ ಎರಡು ಗಾಜು ಮೊದಲ ಮಳೆ ಬಿದ್ದ ವಾರ ಬಂದವು, ಕಚ್ಚಿನಲ್ಲಿ ಸರಿಯಾಗಿ ಕೂತವು. ಕೆಲಸ ಮುಗಿದ ದಿನ ಪೆಟ್ಟಿಗೆಯ ಬೀಗ ತೆಗೆದಾಗ ಮೇಸ್ತ್ರಿ ತಮ್ಮ ಎರಡಂಚಿನ ಟೇಪನ್ನೇ ಎತ್ತಿಕೊಂಡರು. ಮುಂದಿನ ಮನೆ ಮೂವತ್ತು-ನಲವತ್ತರ ಸೈಟಿನದಂತೆ. ಆಚಾರಿ ಮಿಲಿಮೀಟರ್ ಟೇಪೊಂದನ್ನು ಕೇಳಿ ಪಡೆದರು, ಗಾಜು ಇರುವ ಕಿಟಕಿಗೆ ಮಾತ್ರ ಎಂದು.